ಕೂದಲಿಗೆ ಪಾತ್ರೆ

ಮಗುವಿಗೆ ನಾಲ್ಕು ತುಂಬುವಷ್ಟರಲ್ಲಿ
ಬಾಚಣಿಗೆ ತುಂಬ ನಾನೇ.
ಸುತ್ತಿ ಸುತ್ತಿ ಕಿಟಕಿ ಸರಳಿಗೆ ಸಿಕ್ಕಿಸಿದೆ.
"ಕೂದ್ಲಿಗೆ ಪಾತ್ರೇ..."
ಮುಳಬಾಗಿಲಿನ ನಮ್ಮ ಬೀದಿಗೆ ಬಂದವನು
ಉಂಡೆ ತೂಗಿ ಒಂದು ಸ್ಟೀಲು ಡಬ್ಬಿ ಕೊಟ್ಟ.

ಅತ್ತೆ ಪಿಳ್ಳಮ್ಮ ಏನೂ ಅನ್ನಲಿಲ್ಲ.
ಆ ಡಬ್ಬಿಗೇ ಹುಚ್ಚೆಳ್ಳು ಪುಡಿ ತುಂಬಿದಳು.
ಕರಿಬೇವು ಎತ್ತಿಡುವ ನನ್ನ ಚಾಳಿ ಗೊತ್ತು,
ಸುಳಿವು ಸಿಗದಂತೆ ಕುಟ್ಟಿದ್ದಳು.
ಬಿಸಿ ಮುದ್ದೆ, ಹುರುಳಿ ಬಸ್ಸಾರು,
ನೆನೆದ ಮೆಂತ್ಯ ಅರ್ಧ ಹೊಟ್ಟೆಗೆ, ಅರ್ಧ ನೆತ್ತಿಗೆ.
"ಕಹಿ" ಅಂದೆ.
"ನೆತ್ತಿ ಸುಮ್ನೈತೆ, ನಾಲಿಗೇದೇ ರಂಪ."

ಹುಣಸೆ ಬಡಿಯುವ ಕಾಲಕ್ಕೆ ಅವನು ಮತ್ತೆ ಬಂದ.
ಬರೀ ಸರಳು ನೋಡಿದ,
ನನ್ನ ಹಣೆಯಂಚಿನ ಮುಳ್ಳುಮುಳ್ಳು ಮರಿಗೂದಲು ನೋಡಿದ.
ತಕ್ಕಡಿ ಕೆಳಗಿಟ್ಟು, ಮೆಲ್ಲಗೆ:
"ನಮ್ಮಾಕೇದೂ ಉದುರ್ತೈತಮ್ಮಾ..."

ಅತ್ತೆ ಪೊಟ್ಟಣ ಕಟ್ಟಿದಳು,
ತೂಗದೆ.