ಎರಡನೆಯ ಕ್ರಿಯಾಪದ

ಕುಂಬಳೆಯ ಸಹಕಾರಿ ಬ್ಯಾಂಕಿನ ಮೇಲ್ಮಹಡಿ,
ಯಂತ್ರಕ್ಕೆ ಮೊದಲು, ಆಮೇಲೆ ಕಲಿಸುವ ಕೆಲಸ.
ವಾಕ್ಯಕ್ಕೆ ಎಪ್ಪತ್ತು ಪೈಸೆ.

'ಮಿಂದು ಉಂಡು ಮಲಗಿದ': ಒಂದು, ಎರಡು, ಮೂರು.
'ಉಂಡು' ಪದದ ಬಾಲದಲ್ಲೇ ಗಡಿಯಾರ.
ಬೇಗ ಕಲಿಯಿತು.
'ನೀರು ಬರುವುದರೊಳಗೆ ಹೊರಟಿರಬೇಕಿತ್ತು':
ಇಲ್ಲಿ ಎಡವಿತು. ನಾನೂ.

ಇವತ್ತು ಹಳೆ ಧ್ವನಿಮುದ್ರಣದ ಸಾಲು.
ಶಿರಿಯ ಹೊಳೆಯ ಕಡವಿನ ದೂಮಣ್ಣ
ದೋಣಿ ಬಿಚ್ಚುತ್ತಾ: 'ಹೋಗಿ ಬರ್ತೇನೆ.'
ಹೋಗು, ಒಂದು. ಬರು, ಎರಡು.
ಸರಿಯೇ ಇದೆ.
ಕೆಳಗೆ ಯಂತ್ರದ ಪ್ರಶ್ನೆ: ಎರಡನೆಯದರ ತಾರೀಕು?

ತುಳುವಿನಲ್ಲೂ ಮಲಯಾಳದಲ್ಲೂ ಹಾಗೇ ಹೇಳುವುದು ಇಲ್ಲಿ;
ಬರಿದೇ 'ಹೋಗ್ತೇನೆ' ಅಂದವರನ್ನು
ಅಮ್ಮ ಮತ್ತೆ ಕೂರಿಸಿ ನೀರು-ಬೆಲ್ಲ ಕೊಡುತ್ತಿದ್ದಳು.

ಸೇತುವೆಯಾಗಿ ಹನ್ನೊಂದು ವರ್ಷ.
ತಾರೀಕಿನ ಚೌಕ ಖಾಲಿ ಬಿಟ್ಟು
ಮುಂದಿನ ವಾಕ್ಯ ಒತ್ತಿದೆ.
ಅದು ಒಪ್ಪಲಿಲ್ಲ.
ಕಾಯುತ್ತಿದೆ.