ಮೂರನೇ ದಿನ ಬಂದವರು

ವುಲನ್‌ಗಾಂಗ್, ರಾತ್ರಿ ಎರಡೂ ಮುಕ್ಕಾಲು.
ನೆಲಮಾಳಿಗೆಯ ಲ್ಯಾಬಿಗೆ ಗಾಳಿಕೊಳವೆಯಲ್ಲಿ
ಸುಯ್ಯೆಂದು ಬಂದು ಬಿತ್ತು
ಇನ್ನೂ ಬೆಚ್ಚಗಿರುವ ಒಂದು ಚಮಚ ರಕ್ತ.
ಚೀಟಿಯಲ್ಲಿ: ರಿಸ್ತೋ ನಾಜ್ದೊವ್ಸ್ಕಿ, ಅರವತ್ತೊಂದು,
ಎದೆನೋವು, ಸಂಜೆ ಎಂಟರಿಂದ.

ಅವನ ಮುಖ ನಾನು ನೋಡುವುದಿಲ್ಲ.
ನನಗೆ ಸಿಗುವುದು
ಗಾಜಿನ ಮೇಲೆ ಹೆಬ್ಬೆರಳಿನಷ್ಟು ರಿಸ್ತೋ,
ನೇರಳೆ ಬಣ್ಣ ಕುಡಿದು ಒಣಗಿದವನು.

ಮಸೂರದಡಿ ನೂಕುನುಗ್ಗಲು.
ಮೂರು ಬೀಜದ ಶೇಂಗಾಕಾಯಿಯಂಥ
ನ್ಯೂಕ್ಲಿಯಸ್ಸು ಹೊತ್ತ ನ್ಯೂಟ್ರೋಫಿಲ್‌ಗಳು,
ನಡುವೆ ಇನ್ನೂ ಬಲಿಯದ ಎಳೆಯವು ಕೂಡ,
ಮಜ್ಜೆಯ ತೊಟ್ಟಿಲಿಂದ ಎದ್ದು ಓಡಿಬಂದವು
ಚಡ್ಡಿಗುಂಡಿ ಹಾಕಿಕೊಳ್ಳದೆ.
ಇಷ್ಟು ಬೇಗ ಹೇಳಿ ಕಳಿಸಿದವರು ಯಾರು?
ಉಸಿರು ಸಿಗದ ಸ್ನಾಯು ಸಾಯುತ್ತ
ಒಳಗಿನದನ್ನೆಲ್ಲ ಹೊರಗೆ ಚೆಲ್ಲಿತಲ್ಲ,
ಅದೇ ಓಲೆ.

ಅಲ್ಲಿ ಶತ್ರು ಇರಲಿಲ್ಲ.
ಒಂದು ಕ್ರಿಮಿಯಿಲ್ಲ, ಒಂದು ಮುಳ್ಳಿಲ್ಲ.
ಆದರೂ ತಂದ ವಿಷವನ್ನೆಲ್ಲ ಸುರಿದವು
ಸತ್ತದ್ದರ ಮೇಲೆ,
ಪಕ್ಕದಲ್ಲಿ ಇನ್ನೂ ಮಿಡಿಯುತ್ತಿದ್ದುದರ ಮೇಲೆ.

ದಾವಣಗೆರೆಯಲ್ಲಿ ಭಾವ ತೀರಿಕೊಂಡ ದಿನ
ಓಣಿಗೆ ಓಣಿಯೇ ನುಗ್ಗಿತ್ತು ಮನೆಗೆ.
ಬಾಗಿಲ ಚಿಲಕ ಕಿತ್ತು ಬಂತು.
ಬಳೆ ಒಡೆಯುವ ಅವಸರದಲ್ಲಿ
ಅಕ್ಕನ ಮಣಿಕಟ್ಟು ಕೊಯ್ದರು.
ಅತ್ತರು, ಸುಳ್ಳಲ್ಲ, ನಿಜವಾಗಿಯೇ ಅತ್ತರು.
ಸಂಜೆಗೆ ಒಬ್ಬರೂ ಇರಲಿಲ್ಲ.

ಮೂರನೇ ದಿನ ಬಂದಳು ಹಿಂದಿನ ಬೀದಿಯ ಹಾಲವ್ವ.
ಮಾತಿಲ್ಲ. ಸೆರಗು ಸಿಕ್ಕಿಸಿ
ಹಿತ್ತಲಲ್ಲಿ ಕೂತು ಮಸಿಹಂಡೆ ತಿಕ್ಕಿದಳು,
ಚಿಲಕಕ್ಕೆ ಮೊಳೆ ಹೊಡೆದಳು,
ಆ ಮಣಿಕಟ್ಟಿಗೆ ಅರಿಸಿನ ಮೆತ್ತಿದಳು.

ನಾಲ್ಕನೇ ರಾತ್ರಿ ಮತ್ತೆ ರಿಸ್ತೋ.
ಬದುಕಿದ್ದಾನೆ! ಮಾರಾಯ, ಬದುಕಿದ್ದಾನೆ.
ಗದ್ದಲದವರು ತಗ್ಗಿದ್ದಾರೆ.
ಗುಲ್ಮದ ಉಗ್ರಾಣದಿಂದ ಮಾನೊಸೈಟುಗಳು ಬಂದಿವೆ,
ದೊಡ್ಡ ಮೈ, ಮಡಚಿಕೊಂಡ ನ್ಯೂಕ್ಲಿಯಸ್ಸು,
ಬೂದಿಬಣ್ಣದ ಸೀರೆ.
ಅತ್ತ, ನನ್ನ ಗಾಜು ತಲುಪದ ಕಡೆ,
ಇವುಗಳ ಒಡಹುಟ್ಟಿದವು
ಸತ್ತ ನಾರನ್ನೂ ಸತ್ತ ನ್ಯೂಟ್ರೋಫಿಲನ್ನೂ
ಒಂದೇ ಬುಟ್ಟಿಗೆ ಬಳಿಯುತ್ತಿರಬೇಕು.
ಆಮೇಲೆ ಹೊಲಿಯುವವರನ್ನು ಕರೆಯುತ್ತವೆ.
ಹೊಲಿಗೆ ಗಟ್ಟಿ.
ಮಿಡಿಯುವುದಿಲ್ಲ, ಅಷ್ಟೇ.

'ಮಾನೊಸೈಟ್ ಹೆಚ್ಚಿದೆ' ಎಂದು ಒತ್ತಿ ಕಳಿಸಿದೆ.
ಡಾಕ್ಟರು ಆ ಸಾಲು ಓದದೆ ದಾಟಬಹುದು.
ಹೊರಗೆ ಉಕ್ಕಿನ ಕಾರ್ಖಾನೆಯ ಬೆಂಕಿ,
ಅದರಾಚೆ ಕಡಲು, ಬೆಳಗಾಗುವ ಗುರುತು.

ಮಧ್ಯಾಹ್ನ ಎದ್ದು ಅಕ್ಕನಿಗೆ ಫೋನು ಮಾಡಿದೆ.
ಹಾಲವ್ವ ಎಲ್ಲಿದ್ದಾಳೆ ಈಗ?
"ಯಾವ ಹಾಲವ್ವ?" ಅಂದಳು.
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಚಳಿ ಬಿದ್ದರೆ ಈ ಮಣಿಕಟ್ಟು
ಇನ್ನೂ ಜುಮ್ಮೆನ್ನುತ್ತೆ ನೋಡು," ಅಂದಳು.