ಬಟ್ಟೆಯ ತೂಕ ಕಳೆದು

ಆಲ್ಕೊಳ ಸರ್ಕಲ್ ದಾಟಿ ಸಾಗರದ ಕಡೆ ಸ್ವಲ್ಪ ಹೋದರೆ
ಎಡಕ್ಕೆ ನಮ್ಮ ವೇಬ್ರಿಜ್ಜು.
ಹನ್ನೊಂದು ವರ್ಷದಿಂದ ಈ ಕಿಟಕಿಯಲ್ಲಿದ್ದೇನೆ.
ಶುಂಠಿ, ಜೋಳ, ಜಲ್ಲಿ, ಹಳೇ ಕಬ್ಬಿಣ,
ಎಲ್ಲಕ್ಕೂ ಒಂದೇ ಮಾತು: ಡ್ರೈವರ್ ಕೆಳಗಿಳೀಬೇಕು.
ತುಂಬಿದ ಗಾಡಿಯಲ್ಲಿ ಖಾಲಿ ಗಾಡಿ ಕಳೆದರೆ
ಉಳಿಯೋದು ಮಾಲು.
ಇಷ್ಟೇ ನನ್ನ ವಿದ್ಯೆ.

ರಸ್ತೆ ಅಗಲವಾಗುತ್ತದಂತೆ. ಷಣ್ಮುಖಪ್ಪನವರು ಜಾಗ ಬಿಟ್ಟುಕೊಟ್ಟರು.
"ಈ ತಿಂಗಳ ಕೊನೇವರೆಗೆ, ಜಲಜಮ್ಮ" ಅಂದರು.
ಅನ್ನುವಾಗ ನನ್ನ ಮುಖ ನೋಡಲಿಲ್ಲ,
ತೂಕದ ಅಂಕಿ ನೋಡುತ್ತಿದ್ದರು.
ಅಲ್ಲಿ ಸೊನ್ನೆ ಇತ್ತು.

ಕೆಲಸ ಸಿಗಲಿಕ್ಕಿಲ್ಲ ಅಂತ ಹೆದರಿದ್ದೆ. ಸಿಕ್ಕಿತು,
ಒಂದು ಗಂಟೆ ಕಾದವಳಿಗೆ
ಒಂದರ ಬೆನ್ನಿಗೊಂದು ಎರಡು ಬಸ್ಸು ಬಂದ ಹಾಗೆ.

ಮಾಚೇನಹಳ್ಳಿಯ ಫೌಂಡ್ರಿ, ಗುಜರಿ ಗೇಟಿನ ಲೆಕ್ಕ.
ಹದಿನೇಳೂವರೆ ಸಾವಿರ, ಪಿಎಫ್, ಇಎಸ್‌ಐ,
ಬೆಳಿಗ್ಗೆ ಆರೂ ಹತ್ತಕ್ಕೆ ಕಂಪನಿ ಬಸ್ಸು.
ಹೋಗಿ ನೋಡಿ ಬಂದೆ.
ಸೈಕಲ್ಲಿನ ರಿಮ್ಮು, ಈಳಿಗೆಯ ಅಲಗು,
ಹೊಲಿಗೆ ಯಂತ್ರದ ಕಾಲು, ಯಾರದೋ ಕಿಟಕಿಯ ಸರಳು,
ಎಲ್ಲ ಒಂದೇ ರಾಶಿ, ಒಂದೇ ದರ.
ಕುಲುಮೆಯ ಬಾಗಿಲು ತೆಗೆದಾಗ
ಅಷ್ಟು ದೂರದಲ್ಲಿದ್ದ ನನ್ನ ಕನ್ನಡಕ ಬಿಸಿಯಾಯಿತು.

ದುರ್ಗಿಗುಡಿಯ ಹೆರಿಗೆ ಆಸ್ಪತ್ರೆ. ಹದಿಮೂರು ಸಾವಿರ.
ವಾರ ಬಿಟ್ಟು ವಾರ ರಾತ್ರಿ ಪಾಳಿ, ಪಿಎಫ್ "ನೋಡೋಣ".
ರಿಜಿಸ್ಟರು ಬರೀಬೇಕು:
ತಾಯಿಯ ಹೆಸರು, ಗಂಟೆ, ನಿಮಿಷ, ತೂಕ.
ನಾನು ಹೋದಾಗ ಒಂದನ್ನು ತೂಗುತ್ತಿದ್ದರು,
ಕೆಂಪಗೆ, ಯಾರ ಮೇಲೋ ಸಿಟ್ಟಾಗಿ,
ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು.
"ಎರಡು ಕೆಜಿ ಐನೂರಾ ಇಪ್ಪತ್ತು" ಅಂದರು ಸಿಸ್ಟರ್ ಐವಿ, "ಎರಡೂವರೆ ದಾಟ್ತು."
"ಬಟ್ಟೆ ಕಳೆದ್ರಾ?"
ಬಾಯಿಂದ ಬಿದ್ದೇ ಹೋಯಿತು, ಹನ್ನೊಂದು ವರ್ಷದ ಚಟ.
ಬಟ್ಟೆ ಬೇರೆ ತೂಗಿದರು. ನೂರಾ ಹತ್ತು ಗ್ರಾಂ.
ದಾಟಿದ್ದ ಮಗು ಗೆರೆಯ ಈಚೆಗೆ ಬಂತು.
ಯಾರೋ ಓಡಿದರು, ಯಾರೋ ಬೆಚ್ಚನೆಯ ದೀಪ ಹಾಕಿದರು.
ಡಾಕ್ಟರಮ್ಮ ಕೈ ತೊಳೆಯುತ್ತಲೇ ಕೇಳಿದರು:
"ಯಾವಾಗ ಸೇರ್ತೀರಿ?"

ಹೇಳುವವರಿಗೆ ಬರವೇ?
"ದೇವರ ಕೆಲಸ ಕಣೇ" ಅಂದಳು ತಂಗಿ.
ನನ್ನ ಮನೆ ಬಾಡಿಗೆ ಅವಳು ಕಟ್ಟೋದಿಲ್ಲ.
ಬುಡೇನ್ ಸಾಬರು ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವರು:
"ಘಾಟಿಯಲ್ಲಿ ಎರಡು ದಾರಿ ಸಿಕ್ರೆ ಬ್ರೇಕನ್ನ ಕೇಳಿ ಅಕ್ಕ,
ಮನಸ್ಸನ್ನ ಕೇಳಬೇಡಿ."

ಸಂಜೆ, ಗಾಡಿ ಇಲ್ಲದ ಹೊತ್ತಿನಲ್ಲಿ,
ನಾನೇ ಹೋಗಿ ಆ ದೊಡ್ಡ ತಟ್ಟೆಯ ನಡುವೆ ನಿಂತೆ.
ಅರವತ್ತು.
ಬ್ಯಾಗು, ಛತ್ರಿ, ಟಿಫನ್ ಡಬ್ಬಿ ಹಿಡಿದು ನಿಂತೆ. ಅರವತ್ತು.
ಎಲ್ಲ ಇಟ್ಟು, ಚಪ್ಪಲಿ ಬಿಟ್ಟು ನಿಂತೆ. ಅರವತ್ತೇ.
ಹತ್ತು ಕೆಜಿಯ ಒಳಗಿನದ್ದು ಇದರ ಕಣ್ಣಿಗೆ ಬೀಳೋದಿಲ್ಲ,
ಲಾರಿಗೆಂದು ಮಾಡಿದ್ದು.
ಇದರ ಪಕ್ಕ ಕೂತೂ ಕೂತೂ
ನನ್ನ ತಲೆಯೂ ಹಾಗೇ ಆಗಿದೆಯೇನೋ:
ನಾಲ್ಕೂವರೆ ಸಾವಿರ ಕಾಣುತ್ತದೆ,
ನೂರಾ ಹತ್ತು ಗ್ರಾಂ
ಯಾವ ಕಡೆ ಹಾಕಬೇಕೋ ತಿಳಿಯೋದಿಲ್ಲ.

ಕೊನೆಗೆ ತೀರ್ಮಾನ ಮಾಡಿದ್ದು ಹಲ್ಲು.
ಗುರುವಾರ ರಾತ್ರಿ, ಎಡದವಡೆ, ಕಡೆಯದು.
ಲವಂಗ ಕಚ್ಚಿಕೊಂಡು ಗೋಡೆಗೊರಗಿ ಬೆಳಗು ಮಾಡಿದೆ.
ಮೂರು ಸಲ ಬರಬೇಕು, ಎಂಟು ಸಾವಿರ ಆಗುತ್ತೆ
ಅಂದಿದ್ದರು ಹಲ್ಲಿನ ಡಾಕ್ಟರು.
ಇಎಸ್‌ಐ, ಇಎಸ್‌ಐ ಅಂತ ಬಡಿಯುತ್ತಿತ್ತು ನೋವು.
ಒಂಬತ್ತು ಗಂಟೆಗೆ ಫೌಂಡ್ರಿಗೆ ಹೂಂ ಅಂದೆ.
ತಂಗಿಗೆ ಹಲ್ಲಿನ ವಿಷಯ ಹೇಳಿಲ್ಲ,
ಸಂಬಳ ಅಂದಿದ್ದೇನೆ.

ಆಸ್ಪತ್ರೆಗೆ ಫೋನು ಮಾಡಿ ಬರೋದಿಲ್ಲ ಅಂದಾಗ
ಸಿಸ್ಟರ್ ಐವಿ ಸುಮ್ಮನಿದ್ದರು.
ಅವರ ಹಿಂದೆ ಒಂದು ಅಳುತ್ತಿತ್ತು, ಹೊಸ ಗಂಟಲು.
ಇಡುವ ಮುಂಚೆ ಹೇಳಿದರು:
"ಈಗ ಬಟ್ಟೆ ಮೊದಲು ತೂಗ್ತೀವಿ.
ಗೋಡೆ ಮೇಲೆ ಬರೆದು ಅಂಟಿಸಿದೀವಿ."

ಏನಂತ ಬರೆದಿದ್ದೀರಿ ಅಂತ ಕೇಳಬೇಕೆನಿಸಿತು.
ಅಷ್ಟರಲ್ಲಿ ಶುಂಠಿಯ ಲಾರಿ ಬಂದು ತಟ್ಟೆಯ ಮೇಲೆ ನಿಂತಿತು.
ಚಿಕ್ಕ ಹುಡುಗ, ಸ್ಟೀರಿಂಗಿನ ಮುಂದೆ ಕೂತೇ ಮೊಬೈಲು ನೋಡುತ್ತಿದ್ದಾನೆ.
ಕಿಟಕಿ ಸರಿಸಿದೆ.
ಇಳಿಯಪ್ಪಾ, ಅಂದೆ.
ಇದರಲ್ಲಿ ನಿನ್ನ ತೂಕ ಬೇಡ.